ಪಾಳಿ ಐತಿ ಅಜ್ಜಾ

ಬೆಟಗೇರಿ, ಡಿಸೆಂಬರ್

ಪ್ರೀತಿಯ ಅಳಿಯಾ,

ಮೊನ್ನೆ ಫೋನಿನಲ್ಲಿ ನೀನು, “ಮಾಮಾ, ಇನ್ನ ಆರ ವರ್ಷ ನೋಡ್ರಿ, ಆಮ್ಯಾಲೆ ಯಾರ ಹಂಗೂ ಇಲ್ಲ” ಅಂದೆ. ನಾನು ನಕ್ಕು ಸುಮ್ಮನಾದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ, ಅದಕ್ಕೇ ಈ ಕಾಗದ. ನಿನ್ನೊಬ್ಬನಿಗೇ ಅಂತಲೂ ಅಲ್ಲ. ಮುಂಡರಗಿಯ ನಿಮ್ಮ ಶಾಲೆಯಲ್ಲಿ ಹೀಗೆ ದಿನ ಎಣಿಸುತ್ತ ಕೂತವರು ಇನ್ನೂ ಇದ್ದಾರಲ್ಲ, ಅವರೂ ಓದಲಿ.

ನಾನು ಹುಟ್ಟಿದ್ದು ಹಿಂಗಾರಿ ಬಿತ್ತಿಗೆಯ ಕಾಲಕ್ಕೆ. ಬಿಳಿಜೋಳ ಬಿತ್ತಲು ಅಪ್ಪ ಹೊಲಕ್ಕೆ ಹೋಗಿದ್ದನೆಂದು ಅವ್ವ ಹೇಳುತ್ತಿದ್ದಳು. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಅದೆಲ್ಲ ಕೇಳುತ್ತ ಕೂಡಲಿಲ್ಲ, ಜೂನ್ 1 ಎಂದು ಬರೆದರು. ನಮ್ಮ ತಲೆಮಾರಿನ ಅರ್ಧ ಊರಿನ ಹುಟ್ಟುಹಬ್ಬ ಅದೇ. ಒಂದನೇ ತಾರೀಖಿಗೆ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮವಿದೆಯಲ್ಲ, ಹಾಗಾಗಿ 2015ರ ಮೇ 31ಕ್ಕೆ ನನ್ನದು ಮುಗಿಯಿತು. ಅಂದು ರವಿವಾರ. ಸೇವೆಯ ಕೊನೆಯ ದಿನವೂ ಸೂಟಿ! ಶಾಲು, ಹಾರ, ಭಾಷಣ ಎಲ್ಲ ಹಿಂದಿನ ದಿನವೇ ಆಗಿಹೋಗಿತ್ತು.

ಇಪ್ಪತ್ತೊಂಬತ್ತು ವರ್ಷ ಲಕ್ಷ್ಮೇಶ್ವರದ ಶಾಲೆಗೆ ಹೋಗಿ ಬಂದವನು ನಾನು. ಮುಂಜಾನೆ ಎಂಟರ ಬಸ್ಸು, ಮನೆಗೆ ಬರುವುದು ಸಂಜೆ ಆರೂವರೆಗೆ. ನಿವೃತ್ತನಾದ ಮೇಲೆ ಮನೆಯಲ್ಲಿ ಆರಾಮಾಗಿ ಇರುತ್ತೇನೆ ಅಂದುಕೊಂಡಿದ್ದೆ. ಆ ಹೊತ್ತಿನಲ್ಲಿ ಮನೆ ಯಾರದಾಗಿತ್ತು ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಪಡಸಾಲೆಯಲ್ಲಿ ಪೇಪರು ಹರವಿಕೊಂಡು ಕೂತೆ. ಶಾಲೆಯ ರೂಢಿಯಂತೆ ಹನ್ನೊಂದಕ್ಕೆ ಚಹಾ ಕೇಳಿದೆ. ಬೇಳೆ ಡಬ್ಬಿಗಳಿಗೆ ಚೀಟಿ ಅಂಟಿಸಿದೆ. ಗ್ಯಾಸು ದೊಡ್ಡದಿಟ್ಟಿದ್ದೀ ಅಂದೆ, ನಳ ಸೋರುತ್ತದೆ ಅಂದೆ. ತಿಂಗಳೊಪ್ಪತ್ತಿನಲ್ಲಿ ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾದ ಹಾಗೆ ಅನಿಸಿತು. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಣ್ಣುಮಕ್ಕಳು ನಾಕಾರು ಜನ ನಮ್ಮ ಪಡಸಾಲೆಗೆ ಬಂದು, ಕಾಳು ಹಸನು ಮಾಡುತ್ತ ಮಾತಾಡಿ ಹೋಗುವುದು ವರ್ಷಾನುಗಟ್ಟಲೆಯ ಪದ್ಧತಿಯಂತೆ. ನನಗೆ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ಮಾಸ್ತರರು ಕೂತಿದ್ದಾರೆಂದು ಅವರು ಬರುವುದು ಬಿಟ್ಟಿದ್ದರು. ನಿನ್ನ ಅತ್ತಿ ಒಂದು ಮಾತೂ ಆಡಲಿಲ್ಲ. ಒಂದು ದಿನ ನಾನೇ ಕೇಳಿದಾಗ, “ನೀವ ಕುಂತೀರಲ್ರೀ” ಎಂದಷ್ಟೇ ಅಂದಳು.

ಆಮೇಲೆ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಮನೆಯಲ್ಲಿರುವುದಿಲ್ಲ. ಮೊದಮೊದಲು ವೀರನಾರಾಯಣ ಗುಡಿಗೆ ಹೋಗುತ್ತಿದ್ದೆ. ಕುಮಾರವ್ಯಾಸ ಭಾರತ ಬರೆದನೆನ್ನುವ ಗುಡಿಯಲ್ಲಿ ನಾವು ನಾಲ್ಕು ಜನ ಪಿಂಚಣಿದಾರರು ತುಟ್ಟಿಭತ್ತೆಯ ಭಾರತ ಹೇಳುತ್ತ ಕೂಡುತ್ತಿದ್ದೆವು. ಬಂದವರೆಲ್ಲ ಹಳೆಯ ಹುದ್ದೆಯನ್ನು ಮೈಮೇಲೆ ಹೊತ್ತೇ ಬರುತ್ತಿದ್ದರು, ನಾನೂ ಹೊತ್ತೇ ಹೋಗುತ್ತಿದ್ದೆ. ಬೇಸರವಾಗಿ ಬಿಟ್ಟೆ.

ಹುದ್ದೆ ಇಳಿದದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳ ಬೀಸಿಸಿಕೊಂಡು ಬರುವ ಕೆಲಸ ನಾನು ಮಾಡುತ್ತೇನೆಂದು ಡಬ್ಬಿ ಹೊತ್ತು ಹೋದೆ. ಅಲ್ಲಿ ಹತ್ತಾರು ಡಬ್ಬಿಗಳು ಸಾಲಾಗಿ ನಿಂತಿದ್ದವು. ನಾನು ನನ್ನದನ್ನು ತೀರಾ ಮುಂದೆ ಇಟ್ಟೆ. ಬೇಕೆಂದು ಮಾಡಿದ್ದಲ್ಲ, ಮೂವತ್ತು ವರ್ಷ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ “ಸರ್, ಬರ್ರಿ” ಅಂತ ಯಾರಾದರೂ ಜಾಗ ಬಿಟ್ಟುಕೊಟ್ಟ ಮೈ ಇದು. ಒಬ್ಬ ಹೆಣ್ಣುಮಗಳು ನನ್ನ ಡಬ್ಬಿಯನ್ನು ಎತ್ತಿ ಸಾಲಿನ ಕೊನೆಗಿಟ್ಟು, “ಪಾಳಿ ಐತಿ ಅಜ್ಜಾ” ಅಂದಳು. ಮುಖ ಬಿಸಿಯಾಯಿತು. ಅಜ್ಜ ಅಂದದ್ದಕ್ಕೋ, ಪಾಳಿಗೋ ಇವತ್ತಿಗೂ ಹೇಳಲಾರೆ. ಸಾಲಿನ ಕೊನೆಗೆ ನಿಂತು ನೋಡಿದೆ: ಗೋದಿ ಬೀಸಿದ ಬೆನ್ನಿಗೇ ಜೋಳ ಹಾಕಲು ಯಾರೂ ಒಪ್ಪರು, ಜೋಳದ ಮೇಲೆ ಜೋಳವೇ ಬೀಳಬೇಕು. ಅದಕ್ಕಾಗಿ ಒಬ್ಬರು ಇನ್ನೊಬ್ಬರಿಗೆ ಪಾಳಿ ಬಿಟ್ಟುಕೊಟ್ಟು ಕಾಯುತ್ತಾರೆ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಅದಕ್ಕೇ ಒಮ್ಮೆಗೆ ಹೆಚ್ಚು ಬೀಸಿಸಬಾರದು. ಅರವತ್ತು ವರ್ಷ ಜೋಳದ ರೊಟ್ಟಿ ತಿಂದವನಿಗೆ ಇಷ್ಟೂ ಗೊತ್ತಿರಲಿಲ್ಲ.

ನಾನು ಹೇಳಬೇಕೆಂದದ್ದು ಇಷ್ಟೇ. ನಿವೃತ್ತಿಯಲ್ಲಿ ಹೋಗುವುದು ಸಂಬಳವಲ್ಲ, ‘ಸರ್’. ಸಂಬಳದ ಬದಲಿಗೆ ಏನಾದರೂ ಬರುತ್ತದೆ. ‘ಸರ್’ ಎಂಬುದರ ಬದಲಿಗೆ ಏನೂ ಬರುವುದಿಲ್ಲ. ನಿನಗೆ ಇನ್ನೂ ಆರು ವರ್ಷವಿದೆ. ಯಾರೂ ನಿನ್ನನ್ನು ಸರ್ ಎನ್ನದ ಒಂದು ಜಾಗವನ್ನು ಈಗಲೇ ಹುಡುಕಿ, ವಾರಕ್ಕೊಮ್ಮೆಯಾದರೂ ಅಲ್ಲಿ ಹೋಗಿ ನಿಲ್ಲು.

ಶಿರಹಟ್ಟಿಯಲ್ಲಿ ಕ್ಲರ್ಕಾಗಿದ್ದ ನನ್ನ ಗೆಳೆಯ ನಿವೃತ್ತನಾದ ಮೇಲೂ ಎರಡು ತಿಂಗಳು ಅದೇ ಕಚೇರಿಗೆ ಹೋಗಿ ಕೂಡುತ್ತಿದ್ದ. ಹೊಸ ಹುಡುಗ ಚಹಾ ತರಿಸುತ್ತಿದ್ದ, ಜೊತೆಗೆ ಫೈಲು ಮುಚ್ಚಿಡುತ್ತಿದ್ದ. ಈಗ ಅವನು ಹೊರಗೆ ಮರದ ಕೆಳಗೆ ಕೂತು ಹಳ್ಳಿಯಿಂದ ಬಂದವರ ಅರ್ಜಿ ತುಂಬಿಕೊಡುತ್ತಾನೆ. ಮೇಜಿನ ಈಚೆ ಬಂದ ಮೇಲೆ ತಾನೇ ಮೊದಲು ಕೇಳುತ್ತಿದ್ದ ದಾಖಲೆಗಳ ಬಗ್ಗೆ ಅವನು ಬೈಯುವುದನ್ನು ನೀನು ಕೇಳಬೇಕು.

ಇನ್ನು ದುಡ್ಡಿನ ಮಾತು. ನನ್ನ ಅನುಭವ ಇಲ್ಲಿ ನಿನಗೆ ಪೂರ್ತಿ ಉಪಯೋಗವಿಲ್ಲ. ನನ್ನದು ಹಳೇ ಪಿಂಚಣಿ, ತುಟ್ಟಿಭತ್ತೆ ಏರಿದಂತೆ ಅದೂ ಏರುತ್ತದೆ. ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ‘ಜೀವಂತ ಇದ್ದೇನೆ’ ಎಂದು ಬರೆದುಕೊಟ್ಟು ಬಂದರೆ ಆಯಿತು. 2006ರ ಏಪ್ರಿಲ್ 1ರಿಂದ ಈಚೆಗೆ ಸೇವೆಗೆ ಸೇರಿದವರಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ. ನೀನು ಸೇರಿದ್ದು 2009ರಲ್ಲಿ. ಕೂಡಿಬಿದ್ದ ಹಣದಲ್ಲಿ ನೂರಕ್ಕೆ ನಲವತ್ತರಷ್ಟನ್ನಾದರೂ ವಿಮಾ ಕಂಪನಿಗೆ ಕಟ್ಟಿ ತಿಂಗಳ ಪಿಂಚಣಿ ಕೊಳ್ಳಬೇಕು, ಉಳಿದದ್ದು ಕೈಗೆ. ಹಳೇ ಪಿಂಚಣಿ ಮರಳಿ ತರಬೇಕೆಂದು ನೀವು ಹೋರಾಡುತ್ತಿದ್ದೀರಿ, ಸಿಗಲಿ ಎಂದೇ ನನ್ನ ಆಸೆ. ಆದರೆ ಮನೆಯ ಲೆಕ್ಕವನ್ನು ಅದರ ಮೇಲೆ ಹಾಕಬೇಡ.

ಆ ಇಡಿಗಂಟೇ ಅಪಾಯ. ಗ್ರಾಚ್ಯುಟಿ, ಗಳಿಕೆ ರಜೆಯ ಹಣ, ಪಿಂಚಣಿಯ ಮೂರನೇ ಒಂದು ಪಾಲು ಮಾರಿದ್ದು ಎಲ್ಲ ಸೇರಿ, ಜನ್ಮದಲ್ಲಿ ಕಾಣದಷ್ಟು ದುಡ್ಡು ಒಂದೇ ಪಾಸ್‌ಬುಕ್ಕಿನಲ್ಲಿ ಕೂತಿತು. ಅದರಲ್ಲಿ ದೊಡ್ಡ ಪಾಲನ್ನು ಹೆಚ್ಚು ಬಡ್ಡಿಯ ಆಸೆಗೆ ಒಂದು ಪತ್ತಿನ ಸಂಘದಲ್ಲಿ ಇಟ್ಟು ಕಳಕೊಂಡೆ. ಹೆಸರು ಬೇಡ, ಅದು ಈಗ ಇಲ್ಲ. 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ತಾಲ್ಲೂಕಿನದೇ. ಆ ಪಾಠವನ್ನು ವರ್ಷ ವರ್ಷ ಮಕ್ಕಳಿಗೆ ಹೇಳಿದವನು ನಾನು! ಉಳಿದದ್ದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹಾಕಿದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಮೂವತ್ತು ಲಕ್ಷದವರೆಗೆ ಇಡಬಹುದು. ಹಣ ಬಂದ ಮೇಲೆ ಆರು ತಿಂಗಳು ಯಾರಿಗೂ ಏನೂ ಒಪ್ಪಿಕೊಳ್ಳಬೇಡ, ಮಗನ ಪ್ಲಾಟಿಗೂ.

ಇಷ್ಟೆಲ್ಲ ಬರೆದು ನಿನ್ನನ್ನು ಹೆದರಿಸಿದೆನೇನೋ. ಹಾಗಲ್ಲ. ಲಕ್ಷ್ಮೇಶ್ವರದ ದಾರಿಯಲ್ಲಿ ಮಾಗಡಿ ಬರುತ್ತದಲ್ಲ, ಅಷ್ಟು ವರ್ಷ ಬಸ್ಸಿನಲ್ಲಿ ತೂಕಡಿಸುತ್ತ ದಾಟಿದ್ದೆ. ನಿವೃತ್ತನಾದ ಮೊದಲ ಚಳಿಗಾಲದಲ್ಲಿ ಅಲ್ಲಿ ಇಳಿದೆ. ಕೆರೆಯ ತುಂಬ ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟಿ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಲಡಾಖ್, ಮಂಗೋಲಿಯಾಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ಕೆರೆಯಲ್ಲಿ ತಂಗಿ, ಮೇಯಲು ಸುತ್ತಲಿನ ಹೊಲಗಳಿಗೆ ಹೋಗುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಾನು ಮೊದಲ ಸಲ ಇಳಿದ ದಿನ ದನ ಕಾಯುವ ಹುಡುಗನೊಬ್ಬ ಏರಿಯ ಮೇಲೆ ನನ್ನ ಪಕ್ಕ ಕೂತು, “ಹಂಗ ಎದ್ದು ನಿಂತರ ಹಾರತಾವು, ಕುಂದರ ಅಜ್ಜಾ” ಅಂತ ಗದರಿಸಿದ. ಕೂತೆ. ಮಧ್ಯಾಹ್ನದವರೆಗೆ ಅವನು ಹೇಳಿದ, ನಾನು ಕೇಳಿದೆ.

ಬರುವ ರವಿವಾರ ಮುಂಜಾನೆಯ ಬಸ್ಸಿಗೆ ಹೊರಟು ಬಾ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ. ನಿನ್ನ ಅತ್ತಿಗೆ ಅವಳ ಹತ್ತಿರ ಏನೋ ಮಾತಾಡುವುದಿದೆಯಂತೆ, ನಾವಿಬ್ಬರೂ ಮನೆಯಲ್ಲಿರಬಾರದಂತೆ. ಮನೆಯಲ್ಲಿ ಹಿಟ್ಟು ಮುಗಿದಿದೆ, ಗಿರಣಿಗೆ ಹೋಗಿ ಬರೋಣ. ಡಬ್ಬಿ ನೀನು ಹಿಡಿ. ಸಾಲಿನ ಕೊನೆಗಿಡು.

ನಿನ್ನ ಮಾಮಾ