ಜೋಡಿ ರಾಜ ಕೈಯಲ್ಲಿದ್ದರೂ ಎಲೆ ಬಿಡುವುದು ಯಾವಾಗ?

ಪೋಕರ್ ಆಟದ ಹೆಚ್ಚು ಪ್ರಚಲಿತ ರೂಪವಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿ ಆಟಗಾರನಿಗೂ ಎರಡು ಗುಪ್ತ ಎಲೆಗಳು ಸಿಗುತ್ತವೆ. ಅನಂತರ ಎಲ್ಲರಿಗೂ ಸಲ್ಲುವ ಐದು ಎಲೆಗಳು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದರಂತೆ ಮೇಜಿನ ಮೇಲೆ ಬೀಳುತ್ತವೆ. ಪ್ರತಿ ಹಂತದಲ್ಲೂ ಪಣ ಏರಿಸುವ, ಸರಿಗಟ್ಟುವ ಅಥವಾ ಎಲೆ ಬಿಟ್ಟು ಆ ಸುತ್ತಿನಿಂದ ಹೊರಬರುವ, ಅಂದರೆ ಫೋಲ್ಡ್ ಮಾಡುವ, ಅವಕಾಶವಿರುತ್ತದೆ. ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ, ಎಕ್ಕ-ರಾಜ ಇವು ಬಲವಾದ ಆರಂಭದ ಎಲೆಗಳೆಂದು ಹೆಸರಾಗಿದ್ದರೂ, ಆ ಬಲವು ಮೇಜಿನ ಮೇಲೆ ಹೊಸ ಎಲೆ ಬಿದ್ದಾಗಲೆಲ್ಲ ಬದಲಾಗುವಂಥದ್ದು ಎಂಬುದನ್ನು ಮರೆತ ಆಟಗಾರನೇ ಹೆಚ್ಚು ಚಿಪ್ಸ್ ಕಳೆದುಕೊಳ್ಳುತ್ತಾನೆ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು ಕಾನೂನು. ಆನ್‌ಲೈನ್ ಪಣದಾಟವನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತ್ತು. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಆಟಗಳ ಕಾಯ್ದೆಯು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆದ್ದರಿಂದ ಕೆಳಗಿನ ಕ್ರಮವು ಬೆಲೆಯಿಲ್ಲದ ಉಚಿತ ಚಿಪ್ಸ್‌ನಲ್ಲಿ ಆಡುವವರಿಗೆ, ಸಂಭವನೀಯತೆಯ ಗಣಿತದಲ್ಲಿ ಆಸಕ್ತಿಯುಳ್ಳವರಿಗೆ ಮಾತ್ರ. ಹಣ ಕೇಳುವ ತಾಣ ಎದುರಾದರೆ ಎಲೆ ಹಂಚುವ ಮೊದಲೇ ಎದ್ದು ಬರುವುದು ಸರಿ.

ಮೊದಲ ಹೆಜ್ಜೆ, ಎದುರಾಳಿಗಳನ್ನು ಎಣಿಸುವುದು. ಜೋಡಿ ಎಕ್ಕವು ಯಾವುದೋ ಎಲೆ ಹಿಡಿದ ಒಬ್ಬನ ಎದುರು ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಅಂಥ ಎಂಟು ಮಂದಿ ಕೊನೆಯವರೆಗೆ ಉಳಿದರೆ ಗೆಲುವು ಸುಮಾರು 35ಕ್ಕೆ ಇಳಿಯುತ್ತದೆ. ಹಾಗೆಂದು ಮೇಜಿನ ಎಲೆ ಬೀಳುವ ಮುನ್ನ ಜೋಡಿ ಎಕ್ಕವನ್ನು ಬಿಡಲು ಕಾರಣ ಸಿಗುವುದು ತೀರ ಅಪರೂಪ. ಕೊನೆಗೆ ಉಳಿಯುವ ಹತ್ತು ಮಂದಿಗೂ ಮುಂದಿನ ಸುತ್ತಿನಲ್ಲಿ ಸಮಾನ ಸ್ಥಾನವಿರುವ ಅರ್ಹತಾ ಪಂದ್ಯದಲ್ಲಿ ಹನ್ನೊಂದು ಮಂದಿ ಉಳಿದಿದ್ದು, ಸಾಕಷ್ಟು ಚಿಪ್ಸ್ ಇರುವ ಆಟಗಾರನಿಗೆ ಎದುರಾಳಿಯೊಬ್ಬ ಎಲ್ಲವನ್ನೂ ಪಣಕ್ಕಿಡುವಂತೆ ಒತ್ತಾಯಿಸಿದಾಗ ಮಾತ್ರ ಅದನ್ನೂ ಬಿಡುವುದು ಲೆಕ್ಕಕ್ಕೆ ಸರಿಯಾಗುತ್ತದೆ, ಏಕೆಂದರೆ ಅಲ್ಲಿ ಹೆಚ್ಚು ಚಿಪ್ಸ್ ಗೆದ್ದವನಿಗೆ ಹೆಚ್ಚಿನದೇನೂ ದಕ್ಕುವುದಿಲ್ಲ. ಜೋಡಿ ರಾಜ ಹಿಡಿದವನೂ ಆರಂಭದಲ್ಲೇ ಹೆದರಬೇಕಿಲ್ಲ. ಒಂಬತ್ತು ಮಂದಿಯ ಮೇಜಿನಲ್ಲಿ ಉಳಿದ ಯಾರದಾದರೂ ಕೈಯಲ್ಲಿ ಜೋಡಿ ಎಕ್ಕವಿರುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ.

ನಿಜವಾದ ಪರೀಕ್ಷೆ ಇರುವುದು ಮೊದಲ ಮೂರು ಎಲೆ, ಅಂದರೆ ಫ್ಲಾಪ್, ಬಿದ್ದ ಮೇಲೆ. ಜೋಡಿ ರಾಜವಿದ್ದಾಗ ಈ ಮೂರರಲ್ಲಿ ಒಂದಾದರೂ ಎಕ್ಕ ಬೀಳುವ ಸಂಭವ ನೂರಕ್ಕೆ ಸುಮಾರು 23. ಕೈಯಲ್ಲಿ ಆಟೀನು ಮತ್ತು ಕಳಾವರ್ ರಾಜರಿದ್ದು, ಮೇಜಿನ ಮೇಲೆ ಇಸ್ಪೀಟು ಎಕ್ಕ, ಇಸ್ಪೀಟು ಹತ್ತು, ಡೈಮಂಡ್ ಆರು ಬಿದ್ದಿವೆ ಎಂದಿಟ್ಟುಕೊಳ್ಳಬಹುದು. ನಡುವಿನ ರಾಶಿಯಲ್ಲಿ 600 ಚಿಪ್ಸ್ ಇರುವಾಗ ಎದುರಾಳಿ 300 ಹಾಕಿದರೆ, ಸರಿಗಟ್ಟಿದ ಬಳಿಕ ಒಟ್ಟು 1200 ಆಗುತ್ತದೆ. ಅದರಲ್ಲಿ 300 ಎಂದರೆ ಕಾಲು ಭಾಗವಾದ್ದರಿಂದ, ಗೆಲ್ಲುವ ಸಂಭವ ನೂರಕ್ಕೆ 25ಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದುವರಿಯುವುದು ಲಾಭಕರ. ಎದುರಾಳಿಯಲ್ಲಿ ಒಂದು ಎಕ್ಕವಿದ್ದರೆ ಉಳಿಸಬಲ್ಲದ್ದು ಹೆಚ್ಚುಕಡಿಮೆ ಎರಡೇ ರಾಜರು. ಅವರಲ್ಲೊಬ್ಬ ಮುಂದಿನ ಎಲೆಯಲ್ಲಿ ಬರುವ ಸಂಭವ ನೂರಕ್ಕೆ 4, ಕೊನೆಯ ಎರಡೂ ಎಲೆಗಳನ್ನು ಸೇರಿಸಿದರೂ 8. ಎದುರಾಳಿ ಬರಿಗೈಯಲ್ಲಿ ಹೆದರಿಸುವ ಸ್ವಭಾವದವನಾಗಿ, ನಾಲ್ಕು ಸಲದಲ್ಲಿ ಒಂದು ಸಲವಾದರೂ ಹಿಂದೆ ಬಿದ್ದಿರುತ್ತಾನೆ ಎಂದು ಹೇಳಲು ಆಧಾರವಿದ್ದರೆ ಲೆಕ್ಕ ಸಮಸಮ ಆಗುತ್ತದೆ. ಒಬ್ಬನು ಪಣ ಹಾಕಿ ಇನ್ನೊಬ್ಬನು ಅದನ್ನು ಏರಿಸಿದ್ದರೆ ಮಾತ್ರ ಯೋಚಿಸುವ ಅಗತ್ಯವಿಲ್ಲ, ರಾಜರನ್ನು ಬಿಡಬೇಕು. ಎಕ್ಕ-ರಾಜದ ವಿಷಯದಲ್ಲಿ ನಿರ್ಧಾರ ಇನ್ನೂ ಸುಲಭ, ಫ್ಲಾಪ್‌ನಲ್ಲಿ ಮೂರಕ್ಕೆ ಎರಡು ಸಲ ಅದಕ್ಕೆ ಜೋಡಿಯೇ ಕೂಡುವುದಿಲ್ಲ.

ಈಗಾಗಲೇ ರಾಶಿಗೆ ಹಾಕಿದ ಚಿಪ್ಸ್ ಈ ಲೆಕ್ಕದಲ್ಲಿ ಬರಕೂಡದು, ಅವು ಆಟಗಾರನ ಕೈಬಿಟ್ಟು ಹೋದವು. ಆನ್‌ಲೈನ್ ಮೇಜಿನಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ಯೋಚಿಸಲು ಸಿಗುವುದೂ ಕೆಲವೇ ಸೆಕೆಂಡು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಯ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಸೈಫನ್, ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ಯಾರ ಅಪ್ಪಣೆಗೂ ಕಾಯದೆ ಹೆಚ್ಚಿನದನ್ನು ಹೊರಹಾಕುವಂತೆ, ಎಲೆ ಬಿಡುವ ಮಿತಿಯನ್ನೂ ಆಟಕ್ಕೆ ಕೂರುವ ಮುನ್ನವೇ ನಿಗದಿಪಡಿಸಿ ಬರೆದಿಟ್ಟುಕೊಳ್ಳುವುದು ಲೇಸು. ಒಂದೇ ಹೊತ್ತಿಗೆ ಎರಡು ಮೂರು ಮೇಜುಗಳಲ್ಲಿ ಆಡುವವರು ಈ ಮಿತಿಯನ್ನು ಮೊದಲು ಮರೆಯುತ್ತಾರೆ. ಕಲಿಯುವವರಿಗೆ ಒಂದೇ ಮೇಜು ಸಾಕು.

ಕೊನೆಯ ಹೆಜ್ಜೆ ಆಟ ಮುಗಿದ ಮೇಲಿನದು. ಬಹುತೇಕ ತಾಣಗಳು ಪ್ರತಿ ಸುತ್ತಿನ ದಾಖಲೆಯನ್ನು ಉಳಿಸಿರುತ್ತವೆ; ಅದನ್ನು ತೆರೆದು, ಬಿಟ್ಟ ಎಲೆ ಮುಂದೆ ಗೆಲ್ಲುತ್ತಿತ್ತೇ ಎಂದು ಹುಡುಕುವ ಬದಲು, ಬಿಟ್ಟ ಕ್ಷಣದಲ್ಲಿ ಬೇಕಾಗಿದ್ದ ಶೇಕಡಾ ಎಷ್ಟು, ಅಂದಾಜು ಮಾಡಿದ್ದು ಎಷ್ಟು ಎಂಬೆರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಬೇಕು.