ರೇಷ್ಮೆ ಲೇಸಿಗೆ ಅವಸರ ಬೇಡ

ಬಸವೇಶ್ವರನಗರದ ಚಳಿಗೆ ದಪ್ಪ ಉಲ್ಲನ್ ಮಫ್ಲರ್ ಯಾಕೆ? ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ರೇಷ್ಮೆಗೂಡಿನ ಊರು ರಾಮನಗರವೇ ಇದೆ. ಹಿಪ್ಪುನೇರಳೆ ರೇಷ್ಮೆಯ ನೂಲಿನಲ್ಲಿ ಲೇಸ್ ಸ್ಕಾರ್ಫ್ ಹೆಣೆಯಿರಿ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಅದಕ್ಕೇ ಆ ನುಣುಪು, ಆ ಜಾರುಗುಣ. ಉಣ್ಣೆಯಂತೆ ಹಿಗ್ಗಿ ಕುಗ್ಗುವುದೂ ಇಲ್ಲ. ಸ್ಟೀಲ್ ಕಡ್ಡಿ ಪಕ್ಕಕ್ಕಿಟ್ಟು ಬಿದಿರಿನದು ಹಿಡಿಯಿರಿ.

ಲೇಸಿನ ತೂತು ಮೂಡುವುದು ನೂಲನ್ನು ಕಡ್ಡಿಗೆ ಒಂದು ಸುತ್ತು ಹಾಕಿದಾಗ. ಹೆಚ್ಚಾದ ಆ ಕುಣಿಕೆಯನ್ನು ಸರಿದೂಗಿಸಲು ಎರಡು ಕುಣಿಕೆಗಳನ್ನು ಸೇರಿಸಿ ಹೆಣೆಯಬೇಕು. ಒಂದು ಸುತ್ತು ಮರೆತರೂ ವಿನ್ಯಾಸ ದಿಕ್ಕು ತಪ್ಪುತ್ತದೆ. ಬಿಚ್ಚಹೊರಟರೆ ಕುಣಿಕೆಗಳು ಜಾರಿ ಕೆಳಕೆಳಗೆ ಓಡುತ್ತವೆ. ಹಾಗಾಗಿ ವಿನ್ಯಾಸ ಒಂದಾವರ್ತಿ ಮುಗಿದಾಗಲೆಲ್ಲ ಬೇರೆ ಬಣ್ಣದ ತೆಳು ಹತ್ತಿದಾರವನ್ನು ಸೂಜಿಯಿಂದ ಅಷ್ಟೂ ಕುಣಿಕೆಗಳೊಳಗೆ ತೂರಿಸಿಡಿ. ತಪ್ಪಿದರೆ ಆ ದಾರದತನಕ ಮಾತ್ರ ಬಿಚ್ಚಿದರಾಯಿತು. ಧಾರಾವಾಹಿ ನೋಡುತ್ತ ಹೆಣೆಯುವವರಿಗಂತೂ ಇದು ಬೇಕೇ ಬೇಕು.

ಕಡ್ಡಿಯಿಂದ ಇಳಿಸಿದಾಗ ಮುದುಡಿ ಕಂಡರೆ ಬೇಸರಿಸಬೇಡಿ. ತಿಳಿ ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಹಾಸಿಗೆಯ ಮೇಲೆ ಹದವಾಗಿ ಎಳೆದು, ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ನೆರಳಲ್ಲೇ ಒಣಗಲು ಬಿಡಿ. ಅಂದು ರಾತ್ರಿ ಮಲಗಲು ಬೇರೆ ಜಾಗ ನೋಡಿಕೊಳ್ಳಿ.