ಮುಳುಗಿದ ಊರಿನ ವಂಶಾವಳಿ

ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಹಿನ್ನೀರಿನಡಿ ಹೋದ ಊರುಗಳ ಮೊಮ್ಮಕ್ಕಳು ಈಗ 'ನಮ್ಮ ಮೂಲ ಇನ್ನೆಲ್ಲಿ ಸಿಗುತ್ತದೆ' ಎಂದು ಕೈಚೆಲ್ಲುತ್ತಾರೆ. ಅಷ್ಟು ಬೇಗ ಬೇಡ. ಐರ್ಲೆಂಡಿನ ಅಂತರ್ಯುದ್ಧದಲ್ಲಿ, 1922ರಲ್ಲಿ, ಡಬ್ಲಿನ್ನಿನ ದಾಖಲೆ ಭಂಡಾರವೇ ಸುಟ್ಟಿತು. 1821ರಿಂದ 1851ರವರೆಗಿನ ಜನಗಣತಿ ವಹಿಗಳು ಬಹುತೇಕ ಬೂದಿಯಾದವು. ಆದರೂ ಅಲ್ಲಿನವರು ತೆರಿಗೆಗೆಂದು ತಯಾರಾಗಿದ್ದ ಗ್ರಿಫಿತ್ ಜಮೀನು ಮೌಲ್ಯಮಾಪನ ಪಟ್ಟಿ ಹಿಡಿದು ಮುತ್ತಜ್ಜಂದಿರನ್ನು ಹುಡುಕುತ್ತಾರೆ. ನಮ್ಮಲ್ಲೂ ದಾರಿ ಜಮೀನಿನದೇ. ಪರಿಹಾರ ಕೊಡಬೇಕಾದರೆ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು ಬರೆಯಲೇಬೇಕು. ಮನೆ ಅಳಿಸಿದ ಯೋಜನೆಯೇ ಭೂಸ್ವಾಧೀನದ ಕಡತವನ್ನೂ ಹುಟ್ಟಿಸಿತು. ಅದರ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಖಾತೆದಾರ ತೀರಿಕೊಂಡು ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗಿದ್ದರೆ ಮ್ಯುಟೇಶನ್ ವಹಿಯಲ್ಲಿ ಇನ್ನೊಂದು ತಲೆಮಾರು ಹಿಂದಕ್ಕೂ ಹೋಗಬಹುದು.

ಭೂಮಿಯೇ ಇಲ್ಲದ ಕೂಲಿಯವರ, ಕಾಡಿನ ಜೇನುಕುರುಬರ ಪಾಡೇನು? ಆಕ್ಷೇಪ ನ್ಯಾಯವಾದದ್ದೇ, ಕಂದಾಯದ ಕಾಗದ ಜಮೀನಿದ್ದವರನ್ನಷ್ಟೇ ನೆನಪಿಡುತ್ತದೆ. ಅಂಥವರಿಗೆ ಶಾಲೆಯ ದಾಖಲಾತಿ ವಹಿ, ಹಳೆಯ ಮತದಾರರ ಪಟ್ಟಿ ಆಸರೆ. ವಹಿಯ ಜನ್ಮದಿನವನ್ನು ಮಾತ್ರ ನಂಬಿ ಕೂರಬೇಡಿ, ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೂ ಉಂಟು. ತಂದೆಯ ಹೆಸರು ಹೆಚ್ಚು ಭದ್ರ. ಕಚೇರಿಗೆ ಅಲೆಯುವ ಮೊದಲು ಮನೆಯ ಹಿರಿಯಜ್ಜಿಯನ್ನು ಕೂರಿಸಿಕೊಂಡು ಹಳೆಯ ಊರು, ಹೊಲದ ಹೆಸರು, ಮನೆದೇವರು ಯಾವುದೆಂದು ಬರೆದುಕೊಳ್ಳಿ. ಊರಿನ ಹೆಸರಿಲ್ಲದೆ ಯಾವ ಗುಮಾಸ್ತನೂ ಕಡತ ತೆಗೆಯಲಾರ.